ಬಂದ ಕೆಲಸ ಹೇಳಿದವನು

ಅವನಿಗೆ ಇಲಿ ಜ್ವರ ಬಂದಿತ್ತೆಂದು ನನಗೆ ತಿಳಿದದ್ದು ಅವನು ಹೋದ ನಾಲ್ಕನೆಯ ದಿನ. ಬೆಳಗೋಡಿನಿಂದ ಅಣ್ಣ ಫೋನು ಮಾಡಿದ್ದ. ಅಂಗಡಿಗೆ ಹೊಸ ಶಟರ್ ಹಾಕಿಸಿದ್ದು, ಅಮ್ಮನ ಮಂಡಿನೋವು ಎಲ್ಲ ಹೇಳಿ ಮುಗಿಸಿ, "ಅಂದಂಗೆ ನಿನ್ ಫ್ರೆಂಡು, ಸಕಲೇಶಪುರದ ಲಾಯರ್ರು, ಹೋಗ್ಬುಟ್ಟ ಕಣೇ. ಬರೀ ಜ್ವರ ಅಂತ ಮಾತ್ರೆ ನುಂಗ್ಕಂಡು ಕೋರ್ಟಿಗೆ ಹೋಗ್ತಿದ್ನಂತೆ" ಅಂದ. ನಾನು ಎರಡು ಮೀಟಿಂಗುಗಳ ನಡುವೆ ಇದ್ದೆ. ಫೋನಿಟ್ಟು ಎರಡನೆಯದಕ್ಕೆ ಹೋದೆ. ಒಂದು ಗಂಟೆ ಸರಿಯಾಗಿಯೇ ಮಾತಾಡಿದೆ. ಆಮೇಲೆ ಲಿಫ್ಟಿನಲ್ಲಿ ಅಳು ಬಂತು.

ಇಲ್ಲಿ ಅವನ ಹೆಸರು ಬರೆಯುವುದಿಲ್ಲ. ಒಂದು ಸಲ ಹೇಳಬಾರದ ಕಡೆ ಆ ಹೆಸರು ಹೇಳಿದ್ದೇನೆ. ಅಷ್ಟು ಸಾಕು.

ತೊಂಬತ್ತರ ದಶಕದ ನಡುವೆ ಬೆಂಗಳೂರಿನ ಒಂದು ದೊಡ್ಡ ಲಾ ಫರ್ಮಿನಲ್ಲಿ ನಾವಿಬ್ಬರೂ ಬೇಸಿಗೆಯ ವಿದ್ಯಾರ್ಥಿಗಳಾಗಿದ್ದೆವು. ಕಾನೂನು ಓದುವವರನ್ನು ಕೊನೆಯ ವರ್ಷಕ್ಕೆ ಮುಂಚಿನ ರಜೆಯಲ್ಲಿ ಆರು ವಾರ ಕರೆಸಿ, ಕೆಲಸ ಮಾಡಿಸಿ ನೋಡಿ, ಹಿಡಿಸಿದವರಿಗೆ ಓದು ಮುಗಿಯುವ ಮೊದಲೇ ಕೆಲಸ ಗೊತ್ತು ಮಾಡುವ ಪದ್ಧತಿ ಆಗಿನ್ನೂ ಹೊಸದು. ನಾವು ಹನ್ನೆರಡು ಜನ ಇದ್ದೆವು. ಜಾಗ ಮೂರೇ ಎಂದು ಯಾರೂ ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ಆ ಆರು ವಾರ ಕಂಡಷ್ಟು ಮುದ್ದನ್ನು ನಾನು ಅಪ್ಪನ ಮನೆಯಲ್ಲೂ ಕಂಡಿರಲಿಲ್ಲ. ದೊಡ್ಡ ದೊಡ್ಡ ವಕೀಲರು ನಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಕನ್ನಡಿ ಬಾಗಿಲಿನ ಹೋಟೆಲುಗಳಿಗೆ ಊಟಕ್ಕೆ ಕರೆದೊಯ್ಯುತ್ತಿದ್ದರು, ನಿಮಗೇನನಿಸುತ್ತದೆ ಎಂದು ಕೇಳುತ್ತಿದ್ದರು. ಕಷ್ಟವೆಂದರೆ, ಅಂಕ ಯಾವಾಗ ಹಾಕುತ್ತಿದ್ದಾರೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಬರೆದುಕೊಟ್ಟ ಟಿಪ್ಪಣಿಗೋ, ಸೂಪು ಕುಡಿಯುವ ರೀತಿಗೋ, ಅವರ ಜೋಕಿಗೆ ನಾವು ನಕ್ಕ ನಗುವಿಗೋ? ಹೀಗಾಗಿ ಊಟ ಮಾಡುವಾಗಲೂ ಪರೀಕ್ಷೆ ಬರೆಯುತ್ತಿದ್ದೆವು. ಒಬ್ಬ ಹುಡುಗ ಮನೆಗೆ ಹೋಗುವಾಗ ಕೋಟನ್ನು ಕುರ್ಚಿಗೆ ಹಾಕಿ ಹೋಗುತ್ತಿದ್ದ, ಇಲ್ಲೇ ಎಲ್ಲೋ ಇದ್ದಾನೆ ಅನ್ನಿಸಲಿ ಎಂದು. ಒಂದೇ ವಾರದಲ್ಲಿ ಎಲ್ಲ ಕುರ್ಚಿಗಳ ಮೇಲೂ ಕೋಟು ಬಂದವು. ಕೋಟಿಲ್ಲದ ನಾನು ಅಕ್ಕನ ಶಾಲು ತಂದು ಹಾಕಿದೆ.

ಅವನ ಕುರ್ಚಿ ಮಾತ್ರ ಬರಿದಾಗಿರುತ್ತಿತ್ತು. ಆರು ಗಂಟೆಯಾದರೆ ಎದ್ದು, ಹಿರಿಯರ ಕೋಣೆಗೆ ಹೋಗಿ "ಬರ್ತೀನಿ ಸಾರ್" ಎಂದು ಹೇಳಿಯೇ ಹೊರಡುತ್ತಿದ್ದ. ನಾನು ಬೈದರೆ, "ಕೆಲ್ಸ ಮುಗೀತಲ್ಲ ಮಾರಾಯ್ತಿ. ಇನ್ನೇನು, ಕುರ್ಚಿ ಕಾಯ್ಲಾ?" ಅನ್ನುತ್ತಿದ್ದ.

ಅವನು ಉದ್ದಕ್ಕಿದ್ದ. ಬಾಗಿಲಿದ್ದಲ್ಲೆಲ್ಲ, ಎಷ್ಟೇ ಎತ್ತರದ ಬಾಗಿಲಾದರೂ, ತಲೆ ತಗ್ಗಿಸಿಯೇ ಒಳಗೆ ಬರುತ್ತಿದ್ದ. ಎಡಕುಮೇರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನು. ಅಪ್ಪ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್. ಕಾಡಿನ ನಡುವಿನ ಆ ಸ್ಟೇಷನ್ನಿನಿಂದ ಗೂಡ್ಸ್ ಗಾಡಿಯ ಗಾರ್ಡ್ ಡಬ್ಬಿಯಲ್ಲಿ ಕೂತು ಸಕಲೇಶಪುರದ ಹೈಸ್ಕೂಲಿಗೆ ಬರುತ್ತಿದ್ದನಂತೆ. ಹಾಸನದಲ್ಲಿ ಲಾ ಓದುತ್ತಿದ್ದಾಗ ಕಾಲೇಜುಗಳ ವಾದಸ್ಪರ್ಧೆಯೊಂದರಲ್ಲಿ ಅವನ ಮಾತು ಕೇಳಿ, ನಮ್ಮ ಫರ್ಮಿನ ಯಜಮಾನರು ತಾವೇ ಕರೆದಿದ್ದರು. ಅರ್ಜಿ ಹಾಕದೆ ಬಂದವನು ಹನ್ನೆರಡು ಜನರಲ್ಲಿ ಅವನೊಬ್ಬನೇ. ನಮಗೆಲ್ಲ ಹೊಟ್ಟೆಯುರಿ ಇದ್ದೇ ಇತ್ತು.

ಮೊದಲ ವಾರದ ಸ್ವಾಗತದ ಊಟದಲ್ಲಿ ಅವನು ಬಡಿಸಲು ಬಂದವನನ್ನು "ಯಾವೂರಪ್ಪಾ ನಿಂದು?" ಎಂದು ಕೇಳಿಬಿಟ್ಟ. ಆತ ಆಲೂರಿನವನು. ಮಾತು ಮುಂದುವರಿದು, ಅಡುಗೆಮನೆಯಲ್ಲಿ ಬೆಳಗೋಡಿನವರೂ ಒಬ್ಬರಿದ್ದಾರೆ ಎಂದು ಗೊತ್ತಾಯಿತು. ಇವನು ಎದ್ದು ಒಳಗೆ ಹೋದವನು ಬಂದದ್ದು ಐಸ್‌ಕ್ರೀಮಿನ ಹೊತ್ತಿಗೆ. ಕಥೆ ಮುಗಿಯಿತು ಎಂದುಕೊಂಡೆವು. ಯಜಮಾನರು ಮಾತ್ರ ಬೆನ್ನು ತಟ್ಟಿ, ಜಮೀನಿನ ವ್ಯವಹಾರಗಳಿಗೆ ಇಂಥವರೇ ಬೇಕು ಅಂದರು. ಅವನ ಜಾಗ ಅವತ್ತೇ ಗಟ್ಟಿಯಾಯಿತು. ಉಳಿದ ಎರಡಕ್ಕೆ ನಾವು ಹನ್ನೊಂದು ಜನ.

ಯಜಮಾನರು ಹೇಳಿದ್ದು ಸುಳ್ಳಲ್ಲ. ಕ್ರಯಪತ್ರದಲ್ಲಿ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಗಳನ್ನು ಬರೆದಿರುತ್ತಾರಲ್ಲ, ನಾವು ಅದನ್ನು ಕಣ್ಣಲ್ಲಿ ಓದಿ ಟಿಕ್ ಹಾಕುತ್ತಿದ್ದೆವು. ಅವನು ಗಟ್ಟಿಯಾಗಿ ಓದುತ್ತಿದ್ದ. "ಪೂರ್ವಕ್ಕೆ ಹಳ್ಳ" ಎಂದು ಓದಿ, ಸ್ವಲ್ಪ ಹೊತ್ತು ಗೋಡೆ ನೋಡಿ, "ಈ ಹಳ್ಳ ಯುಗಾದಿ ಹೊತ್ತಿಗೆ ಒಣಗೋಗ್ತೈತೆ. ಆಮೇಲೆ ಆ ಕಡೆಯೋನು ಬೇಲಿ ಈಚೆಗೆ ತಂದಿರ್ತಾನೆ, ನೋಡ್ರಿ ಬೇಕಾದ್ರೆ" ಅನ್ನುತ್ತಿದ್ದ. ಹೋಗಿ ನೋಡಿದರೆ ಬೇಲಿ ಈಚೆಗೇ ಇರುತ್ತಿತ್ತು. ಯಾವ ದಾಖಲೆಯನ್ನು ಓದಿ ಮುಗಿಸಿದರೂ ಮಡಚಿಡುವ ಮುಂಚೆ "ಕಾಗದ ಹಂಗಂತೈತೆ" ಎಂದು ಸೇರಿಸುತ್ತಿದ್ದ. ಕಾಗದವೂ ಒಬ್ಬ ಸಾಕ್ಷಿ, ಅದನ್ನೂ ಪಾಟೀ ಸವಾಲು ಮಾಡಬೇಕು ಅನ್ನುವ ಹಾಗೆ.

ನಾಲ್ಕನೆಯ ವಾರ ನಮ್ಮಿಬ್ಬರನ್ನು ಸಕಲೇಶಪುರಕ್ಕೆ ಕಳಿಸಿದರು. ಒಂದು ಕಂಪನಿ ಹೆಗ್ಗದ್ದೆ ಕಡೆಯ ಒಂದು ಕಾಫಿ ಎಸ್ಟೇಟ್ ಕೊಳ್ಳಲಿತ್ತು. ಅದರ ಪರವಾಗಿ ಪತ್ರಗಳನ್ನು ಪರಿಶೀಲಿಸುವ ಕೆಲಸ ನಮ್ಮ ಫರ್ಮಿನದು. ಮಾರುವವರು ಎಸ್ಟೇಟನ್ನು ಖಾಲಿ ಮಾಡಿಸಿ ಕೊಡಲು ಒಪ್ಪಿದ್ದರು. ಎಂದರೆ ಲೈನಿನ ಮನೆಗಳಲ್ಲಿದ್ದ ಆಳುಗಳ ಸಂಸಾರಗಳನ್ನು ನೋಂದಣಿಗೆ ಮುಂಚೆ ಎಬ್ಬಿಸುವುದು. ನಮ್ಮ ಜೊತೆ ಬಂದಿದ್ದ ಹಿರಿಯ ಮೇಡಂ ಜೀಪಿನಲ್ಲೇ ತಾಕೀತು ಮಾಡಿದರು: ಯಾರು ಕೇಳಿದರೂ ಸರ್ವೆಗೆ ಬಂದಿದ್ದೇವೆ ಎನ್ನಬೇಕು, ಕಕ್ಷಿದಾರನ ಗುಟ್ಟು ವಕೀಲನ ಜೀವ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಇವತ್ತು ನಾನೂ ನನ್ನ ಕಿರಿಯರಿಗೆ ಅದನ್ನೇ ಹೇಳುತ್ತೇನೆ.

ಆ ಪ್ರಯಾಣದಲ್ಲೇ ಅವನು ಮನೆಯ ವಿಷಯ ಹೇಳಿದ್ದು. ಮುಂದಿನ ವರ್ಷ ಅಪ್ಪನಿಗೆ ರಿಟೈರು. ಆಮೇಲೆ ಕ್ವಾರ್ಟರ್ಸ್ ಬಿಡಬೇಕು. ಊರಿನಲ್ಲಿ ಜಮೀನಿಲ್ಲ, ಸೂರಿಲ್ಲ, ಮದುವೆಗೆ ಬಂದ ತಂಗಿಯರಿಬ್ಬರು. "ಈ ಕೆಲ್ಸ ಒಂದ್ ಆಗ್ಬುಟ್ರೆ ಬೆಂಗ್ಳೂರಲ್ಲಿ ಒಂದ್ ಮನೆ ಮಾಡಿ ಎಲ್ರುನೂ ಕರ್ಕಂಡ್ ಬರ್ತೀನಿ ಕಣೇ. ನಮ್ಮವ್ವ ಒಂದಿನಾನೂ ಸ್ವಂತ ಒಲೆ ಹಚ್ಚಿಲ್ಲ. ಹಚ್ಚಿದ್ದೆಲ್ಲ ರೈಲ್ವೇದು" ಅಂದ. ನಕ್ಕುಕೊಂಡೇ ಹೇಳಿದ. ಆದರೆ ಅವನಿಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದು ನನಗೆ ಅವತ್ತು ಅರ್ಥವಾಯಿತು. ಇದನ್ನು ಮುಖ್ಯವಾಗಿ ಬರೆಯಬೇಕು, ಏಕೆಂದರೆ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಮೇಡಂ ಬಂಗಲೆಯಲ್ಲಿ ಮ್ಯಾನೇಜರ ಜೊತೆ ಕೂತರು. ಲೈನಿನಲ್ಲಿ ಎಷ್ಟು ಮನೆ, ಎಷ್ಟು ಜನ ಎಂದು ಬರೆದುಕೊಂಡು ಬರಲು ನಮ್ಮಿಬ್ಬರನ್ನು ಕಳಿಸಿದರು. ಹನ್ನೊಂದು ಮನೆಗಳಿದ್ದವು. ಕೊನೆಯ ಮನೆಯ ಅಜ್ಜಿ ನಮ್ಮನ್ನು ಜಗುಲಿಯ ಮೇಲೆ ಕೂರಿಸಿ ಬೆಲ್ಲದ ಕಾಫಿ ಕೊಟ್ಟಳು. ಮದುವೆಯಾಗಿ ಬಂದಂದಿನಿಂದ ಅದೇ ಮನೆಯಲ್ಲಿದ್ದವಳು.

ನಮ್ಮ ಕಡೆ ಮನೆಗೆ ಬಂದವರನ್ನು ಬಂದ ತಕ್ಷಣ ಏನು ಕೆಲಸ ಎಂದು ಕೇಳುವುದಿಲ್ಲ. ಕಾಫಿ ಕೊಡುತ್ತಾರೆ, ಮಳೆ ಬೆಳೆ ಮಾತಾಡುತ್ತಾರೆ. ಕುಡಿದು ಲೋಟ ಕೆಳಗಿಟ್ಟ ಮೇಲೆ ಕೇಳುತ್ತಾರೆ. ಆಗ ಬಂದವರು ಬಂದ ಕೆಲಸ ಹೇಳಬೇಕು. ಕಾಫಿ ಕುಡಿದೂ ಹೇಳದೆ ಎದ್ದು ಹೋದವರ ಬಗ್ಗೆ ಊರಿನಲ್ಲಿ ಒಳ್ಳೆಯ ಮಾತಿರುವುದಿಲ್ಲ. ನಾನು ಬೇಗ ಕುಡಿದು ಲೋಟ ಇಟ್ಟೆ. "ಏನ್ ಕೆಲಸಕ್ ಬಂದ್ರಿ ಮಗಾ?" ಎಂದಳು ಅಜ್ಜಿ. "ಸರ್ವೆ ಅಜ್ಜಿ" ಅಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಅವನು ಲೋಟ ಇಡಲೇ ಇಲ್ಲ. ಕಾಫಿ ಮುಗಿದು ಎಷ್ಟೋ ಹೊತ್ತಾಗಿತ್ತು. ಬರೀ ಲೋಟವನ್ನು ಬಾಯಿಗೆ ಹಿಡಿಯುವುದು, ಇಳಿಸುವುದು, ಮತ್ತೆ ಹಿಡಿಯುವುದು. ಅಜ್ಜಿ ಸುಮ್ಮನೆ ಕಾಯುತ್ತಿದ್ದಳು. ಲೋಟ ಖಾಲಿಯೆಂದು ಅವಳಿಗೂ ಗೊತ್ತಾಗಿತ್ತೆಂದು ಕಾಣುತ್ತದೆ. ಕೊನೆಗೆ ಅವನು ಲೋಟವನ್ನು ನೆಲಕ್ಕಿಟ್ಟ.

"ತೋಟ ಮಾರ್ತಾವ್ರೆ ಅಜ್ಜಿ. ಮಳೆ ಹಿಡಿಯಕ್ ಮುಂಚೆ ನಿಮ್ಮುನ್ನೆಲ್ಲ ಎಬ್ಬಿಸ್ತಾರೆ."

"ಎಬ್ಬಿಸಿ ಎಲ್ಲಿಗ್ ಕಳಿಸ್ತಾರಪ್ಪಾ?"

"ಅದು ಕಾಗ್ದದಲ್ಲಿ ಇಲ್ಲ ಅಜ್ಜಿ."

ಅಜ್ಜಿ ಅಳಲಿಲ್ಲ. ಖಾಲಿ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು, ಮತ್ತೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವನು ನನ್ನ ಕೈಯಿಂದ ನೋಟ್‌ಪುಸ್ತಕ ತೆಗೆದುಕೊಂಡು, ಹಿಂದಿನ ಹಾಳೆ ಕಿತ್ತು, ಅಲ್ಲೇ ತಹಶೀಲ್ದಾರರಿಗೆ ಅರ್ಜಿ ಬರೆದ. ಇಷ್ಟು ವರ್ಷದಿಂದ ಇಲ್ಲೇ ವಾಸವಾಗಿದ್ದೇವೆ, ಎಬ್ಬಿಸುವ ಮುಂಚೆ ಮನೆ ಕಟ್ಟಿಕೊಳ್ಳಲು ಜಾಗ ಕೊಡಿಸಬೇಕು ಎಂದು. ಹನ್ನೊಂದು ಮನೆಯವರ ರುಜು, ಹೆಬ್ಬೆಟ್ಟು ಬಿದ್ದವು. ನಾನು ಪಕ್ಕದಲ್ಲಿ ಜನರ ಪಟ್ಟಿ ಹಿಡಿದು ಕೂತಿದ್ದೆ.

ವಾಪಸು ನಡೆಯುವಾಗ ಬಾಯಿಗೆ ಬಂದ ಹಾಗೆ ಬೈದೆ. ವಕೀಲನಾಗುವ ಯೋಗ್ಯತೆ ಇಲ್ಲ ನಿನಗೆ ಅಂದೆ. ಅವನು ಬಂಗಲೆ ಕಾಣುವ ತಿರುವಿನಲ್ಲಿ ನಿಂತು, "ಲೋಟ ಕೆಳಗಿಡೋ ಗಂಟ ತಡಕಂಡೆ ಕಣೇ. ಆಮೇಲೆ ಆಗ್ಲಿಲ್ಲ. ತಪ್ಪಾಗೋಯ್ತು. ನೀನ್ ಯಾರ್ಗೂ ಹೇಳ್ಬ್ಯಾಡ" ಅಂದ. ನಾನ್ಯಾಕೆ ಹೇಳಲಿ, ಹುಚ್ಚಾ ಎಂದೆ.

ನಾವು ಬೆಂಗಳೂರಿಗೆ ಮರಳಿದ ಮೇಲೆ ಅರ್ಜಿ ತಾಲ್ಲೂಕು ಕಚೇರಿ ತಲುಪಿತು. ವ್ಯವಹಾರ ನಿಂತಿತು. ಲೈನಿನವರಿಗೆ ಸುದ್ದಿ ಹೇಗೆ ಹೋಯಿತು ಎಂದು ಫರ್ಮಿನಲ್ಲಿ ಎರಡು ದಿನ ವಿಚಾರಣೆ ನಡೆಯಿತು. ಕೊನೆಗೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಬಾಯಿಬಿಟ್ಟಿರಬೇಕು ಎಂದು ಬಿಟ್ಟರು.

ಕೊನೆಯ ವಾರ ಬೀಳ್ಕೊಡುಗೆಯ ಊಟ. ಮರುದಿನ ಯಾರಿಗೆ ಕೆಲಸ, ಯಾರಿಗಿಲ್ಲ ಎಂದು ಹೇಳುವವರಿದ್ದರು. ನನ್ನ ಮೇಜಿಗೆ ಯಜಮಾನರೇ ಬಂದು ಕೂತರು. ಪಕ್ಕದ ಹುಡುಗ ತಾನು ಓದಿದ ತೀರ್ಪುಗಳ ಬಗ್ಗೆ ಹೇಳಿದ, ಎದುರಿನವಳು ವಿದೇಶದ ಪ್ರವಾಸದ ಬಗ್ಗೆ. ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ಬೆಳಗೋಡಿನ ಅಂಗಡಿ ಮನೆಯವಳು ಅಲ್ಲಿ ಏನು ಹೇಳಲಿ? ಯಜಮಾನರು ನನ್ನ ಕಡೆ ತಿರುಗಿ, ಸಕಲೇಶಪುರ ಹೇಗಿತ್ತು ಎಂದು ಕೇಳಿದರು.

ನಾನು ಆ ಲೋಟದ ಕಥೆ ಹೇಳಿದೆ. ಅಜ್ಜಿಯ ದನಿ ಮಾಡಿ, ಅವನ ದನಿ ಮಾಡಿ, ಬರೀ ಲೋಟ ಬಾಯಿಗೆ ಹಿಡಿದು ತೋರಿಸಿ. ಅವನ ಹೆಸರು ಹೇಳಿ, ಯಾವ ಗುಟ್ಟೂ ಇವನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಸಾರ್ ಅಂದೆ. ಮೇಜಿನ ಸುತ್ತ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆರು ವಾರದಲ್ಲಿ ಮೊದಲ ಸಲ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಯಜಮಾನರೂ ಕಣ್ಣೊರೆಸಿಕೊಂಡು ನಕ್ಕು, ಮೆತ್ತಗೆ, "ಆಮೇಲೆ ಏನಾಯಿತು?" ಎಂದರು. ಆಮೇಲಿನದನ್ನೂ ಹೇಳಿಬಿಟ್ಟೆ. ಅರ್ಜಿ ಎನ್ನುವ ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅವರು ಚಮಚ ಕೆಳಗಿಟ್ಟದ್ದನ್ನು ನೋಡಿದೆ. ಪಕ್ಕದ ಮೇಜಿನಲ್ಲಿದ್ದ ಅವನು ನಮ್ಮ ನಗು ಕೇಳಿ ಇತ್ತ ತಿರುಗಿದ. ಏನೆಂದು ಗೊತ್ತಿಲ್ಲದೆಯೇ ನನ್ನ ಕಡೆ ನೋಡಿ ತಾನೂ ನಕ್ಕ.

ಬೇಕೆಂದೇ ಹೇಳಿದೆನೇ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಗಿಸಬೇಕೆಂದು ಹೇಳಿದೆ, ಅದು ನಿಜ. ಮೂರು ಜಾಗದಲ್ಲಿ ಒಂದು ಅವನದು ಎಂಬುದು ನನ್ನ ತಲೆಯ ಯಾವುದೋ ಮೂಲೆಯಲ್ಲಿ ಇತ್ತು, ಅದೂ ನಿಜ. ಇದಕ್ಕಿಂತ ಹೆಚ್ಚು ಶುದ್ಧವಾದ ಉತ್ತರ ನನ್ನಲ್ಲಿಲ್ಲ.

ಮರುದಿನ ಒಬ್ಬೊಬ್ಬರನ್ನೇ ಯಜಮಾನರ ಕೋಣೆಗೆ ಕರೆದರು. ಅವನು ಸ್ವಲ್ಪ ಹೆಚ್ಚು ಹೊತ್ತೇ ಒಳಗಿದ್ದ. ತಲೆ ತಗ್ಗಿಸಿ ಬಾಗಿಲು ದಾಟಿ ಬಂದು, "ನಂಗಿಲ್ವಂತೆ ಕಣೇ. ನಿಂಗೆ?" ಎಂದ. ಸಿಕ್ಕಿತು ಎಂದೆ. ಅವನ ಮುಖ ಅರಳಿತು. ಅದು ನಟನೆಯಲ್ಲ, ನಟಿಸಲು ಬಂದಿದ್ದರೆ ಅವನಿಗೆ ಕೆಲಸ ಸಿಗುತ್ತಿತ್ತು. ರಸ್ತೆಯ ಗಾಡಿಯಲ್ಲಿ ನನಗೆ ಮೂಸಂಬಿ ರಸ ಕೊಡಿಸಿ, ಬಸ್‌ಸ್ಟ್ಯಾಂಡಿಗೆ ನಡೆದುಕೊಂಡು ಹೋದ.

ಸಕಲೇಶಪುರದಲ್ಲಿ ಅವನ ವಕೀಲಿಕೆ ಏಳಲೇ ಇಲ್ಲ. ಕ್ವಾರ್ಟರ್ಸ್ ಬಿಟ್ಟ ಅಪ್ಪ ಅಮ್ಮನನ್ನು ಎರಡು ಕೋಣೆಯ ಬಾಡಿಗೆ ಮನೆಗೆ ತಂದ. ತಂಗಿಯರ ಮದುವೆ ಹೇಗೋ ಮಾಡಿದ, ಆಮೇಲೆ ತಾನೂ ಆದ. ಕೋರ್ಟಿನ ಕ್ಯಾಂಟೀನಿನ ಹೊರಗಿನ ಬೆಂಚೇ ಅವನ ಆಫೀಸು. ಎದುರು ಪಾರ್ಟಿಯವರು ಬಂದು ಕೂತು, "ನಮ್ ಕೇಸು ನಿಲ್ತೈತಾ ಸ್ವಾಮಿ?" ಎಂದು ಇವನನ್ನೇ ಕೇಳುತ್ತಿದ್ದರಂತೆ. ನಿಲ್ಲದಿದ್ದರೆ ನಿಲ್ಲಲ್ಲ, ರಾಜಿ ಮಾಡ್ಕಳಿ ಎಂದು ಇವನು ಹೇಳುತ್ತಿದ್ದನಂತೆ. ಊರಿಗೆಲ್ಲ ಬೇಕಾದವನು. ಆದರೆ ದೊಡ್ಡ ಕೇಸಿದ್ದವರು ಬೇರೆಯವರ ಹತ್ತಿರ ಹೋಗುತ್ತಿದ್ದರು. ವರ್ಷ ವರ್ಷಕ್ಕೂ ತೆಳ್ಳಗಾದ. ಕರಿ ಕೋಟಿನ ಭುಜಗಳು ಅವನ ಭುಜ ಬಿಟ್ಟು ಕೆಳಗೆ ಇಳಿದಿದ್ದವು.

ಊರಿಗೆ ಹೋಗುವಾಗ ಸಕಲೇಶಪುರದಲ್ಲಿ ಇಳಿದು, ಬೆಳಗೋಡಿನ ಬಸ್ಸು ಬರುವ ತನಕ ಅವನ ಬೆಂಚಿನಲ್ಲಿ ಕೂರುತ್ತಿದ್ದೆ. ಪ್ರತಿ ಸಲವೂ ಈ ಸಲ ಹೇಳಿಬಿಡುತ್ತೇನೆ ಎಂದುಕೊಂಡೇ ಇಳಿಯುತ್ತಿದ್ದೆ. ಅವನು ನನ್ನನ್ನು ನೋಡಿದ ತಕ್ಷಣ ಕ್ಯಾಂಟೀನಿನವನಿಗೆ "ನಮ್ ಬೆಂಗ್ಳೂರ್ ಲಾಯರಮ್ಮ ಬಂದವ್ರೆ, ಬಿಸಿಯಾಗಿ ಮಾಡಪ್ಪಾ" ಎಂದು ಕೂಗುತ್ತಿದ್ದ. ಅಲ್ಲಿಗೆ ನನ್ನ ಧೈರ್ಯ ಉಡುಗಿಹೋಗುತ್ತಿತ್ತು. ಫರ್ಮಿನ ವಿಷಯ ಒಂದೊಂದನ್ನೂ ಕೇಳಿ ತಿಳಿದುಕೊಳ್ಳುತ್ತಿದ್ದ, ತಾನೇ ಅಲ್ಲಿ ರಜೆ ಹಾಕಿ ಬಂದವನ ಹಾಗೆ.

ಒಂದು ಸಲ ಹಟ ಮಾಡಿ ಹೆಗ್ಗದ್ದೆಗೆ ಕರೆದುಕೊಂಡು ಹೋದ. ಅರ್ಜಿಯಿಂದಾಗಿ ಮಾರುವವರು ರಸ್ತೆ ಪಕ್ಕ ಹನ್ನೊಂದು ಸಂಸಾರಕ್ಕೂ ಜಾಗ ಬಿಟ್ಟುಕೊಟ್ಟಿದ್ದರು. ಅಜ್ಜಿ ತೀರಿಕೊಂಡಿದ್ದಳು. ಹೆಂಚು ಹಾಕಿದ ಪುಟ್ಟ ಮನೆಯಲ್ಲಿ ಸೊಸೆ ಕಾಫಿ ಕೊಟ್ಟಳು. ಹೊರಗೆ ಬಂದ ಮೇಲೆ, ನೀನು ಮಾಡಿದ್ದೇ ಸರಿ ಬಿಡು ಎಂದೆ, ನನ್ನ ಮನಸ್ಸು ಹಗುರಾಗಲೆಂದು. ಅವನು ತಲೆಯಾಡಿಸಿದ. "ಇಲ್ಲ ಕಣೇ. ನಮ್ಮುನ್ನ ನಂಬಿ ಕಾಗದ ಕೊಟ್ಟಿದ್ದೋರಿಗೆ ನಾನು ದ್ರೋಹ ಮಾಡ್ದೆ. ಆ ದೊಡ್ಡೋರು ನನ್ನ ಬಿಟ್ಟಿದ್ದು ನ್ಯಾಯವೇ. ಏನ್ಮಾಡದು, ಇವ್ರಿಗೆ ಮನೆ ಆಯ್ತಲ್ಲ ಅಂತ ಖುಷಿನೂ ಆಗ್ತೈತೆ, ನಮ್ಮವ್ವನ್ ಮುಖ ನೋಡ್ದಾಗ ಸಂಕಟನೂ ಆಗ್ತೈತೆ." ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಬಸ್ಸಿಗೆ ಹೊತ್ತಾಯಿತು ಎಂದೆ.

ತಿಥಿಯ ದಿನ ಹೋದೆ. ಅದೇ ಬಾಡಿಗೆ ಮನೆ. ಅವನ ಅಮ್ಮ ಒಳಗೆ ಗೋಡೆಗೆ ಒರಗಿ ಕೂತಿದ್ದರು, ನನ್ನ ಗುರುತು ಸಿಗಲಿಲ್ಲ. ಹೆಗ್ಗದ್ದೆಯ ಹನ್ನೊಂದು ಮನೆಗಳಿಂದಲೂ ಜನ ಬಂದಿದ್ದರು, ಅಡುಗೆಯೆಲ್ಲ ಅವರದೇ. ಊಟ ಮುಗಿದು ಜನ ಕರಗಿದ ಮೇಲೆ ಅವನ ಹೆಂಡತಿ ಹಿತ್ತಿಲಿನಲ್ಲಿ ಒಬ್ಬಳೇ ಚಾಪೆ ಸುತ್ತುತ್ತಿದ್ದಳು. ಅಂಗನವಾಡಿ ಟೀಚರು, ಮಾತು ಕಡಿಮೆ. ಇನ್ನು ಯಾರ ಮುಂದೆ ಹೇಳಲಿ ಎಂದು ಅವಳ ಮುಂದೆ ನಿಂತು ಎಲ್ಲ ಹೇಳಿದೆ. ಊಟದ ಮೇಜು, ನಗು, ಹೆಸರು, ಎಲ್ಲ. ನಿಮಗೆ ಈ ಗತಿ ಬಂದಿದ್ದು ನನ್ನಿಂದ ಎಂದೆ.

ಅವಳು ಚಾಪೆ ಸುತ್ತುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣಕ್ಕ. ಅವತ್ತೇ ಆ ದೊಡ್ಡೋರು ಹೇಳಿದ್ರಂತೆ, ನಿಮ್ ಜೊತೆ ಬಂದಿದ್ದ ಹುಡುಗಿ ಬಾಯಿಂದಲೇ ಗೊತ್ತಾಯ್ತು ಅಂತ."

"ಮತ್ತೆ ಒಂದಿನನೂ ನನ್ನ ಕೇಳ್ಲಿಲ್ವಲ್ಲ?"

"ನಾನೂ ಅದನ್ನೇ ಅಂದೆ, ಯಾಕ್ ಕೇಳಲ್ಲ ನೀವು ಅಂತ. ಕೇಳ್ಬುಟ್ರೆ ಅವ್ಳು ಈ ಕಡೆ ಬರೋದ್ ನಿಲ್ಲಿಸ್ಬುಡ್ತಾಳೆ, ಬಿಡು ಅಂದ್ರು."

ವರ್ಷಕ್ಕೆ ಒಂದೋ ಎರಡೋ ಸಲ, ಬಸ್ಸು ಬರುವ ತನಕದ ಅರ್ಧ ಗಂಟೆ. ನಾನು ಅವನಿಗೆ ಕೊಟ್ಟದ್ದು ಅಷ್ಟೇ, ಅದನ್ನು ಕಳೆದುಕೊಳ್ಳಲು ಅವನು ಒಪ್ಪಿರಲಿಲ್ಲ. ಯಾವ ಗುಟ್ಟೂ ಇವನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂದು ಹೇಳಿ ನಾನು ಜನರನ್ನು ನಗಿಸಿದ್ದೆ. ನನ್ನದನ್ನು ಅವನು ಹದಿಮೂರು ವರ್ಷ ಇಟ್ಟುಕೊಂಡಿದ್ದ, ನನಗೂ ತಿಳಿಯದ ಹಾಗೆ.